ಒಂದೇ ಬಜೆಟ್, ಮೂರು ಜೋಡಿ: ಪ್ರೊಸೆಸರ್‌ಗೆ ಎಷ್ಟು, ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು?

ಕೈಯಲ್ಲಿರುವ ದುಡ್ಡು ಇಷ್ಟೇ ಎಂದು ಗಟ್ಟಿಯಾದ ಮೇಲೆ ಗೇಮಿಂಗ್ ಪಿಸಿ ಕಟ್ಟುವವರ ಮುಂದೆ ಉಳಿಯುವ ದೊಡ್ಡ ಪ್ರಶ್ನೆ ಒಂದೇ: ಪ್ರೊಸೆಸರ್‌ಗೆ ಎಷ್ಟು ಹಾಕಬೇಕು, ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ಉಳಿಸಿಕೊಳ್ಳಬೇಕು? ಈಗ ಎಂಟು ಕೋರಿನ (ಅಂದರೆ ಒಳಗೆ ಲೆಕ್ಕ ಹಾಕುವ ಎಂಟು ಘಟಕಗಳಿರುವ) ಪ್ರೊಸೆಸರ್ ಇರಲಿ, ಕಾರ್ಡ್ ಬೇಕಾದರೆ ಮುಂದೆ ಬದಲಾಯಿಸಿದರಾಯಿತು ಎನ್ನುವವರು ಒಂದು ಕಡೆ. ಆಟ ಓಡಿಸುವುದೇ ಕಾರ್ಡು, ಪ್ರೊಸೆಸರ್ ಯಾವುದಾದರೇನು ಎನ್ನುವವರು ಇನ್ನೊಂದು ಕಡೆ. ನಾನೂ ನನ್ನ ತಮ್ಮನೂ ಈ ವಾದದಲ್ಲಿ ಎದುರುಬದುರು ನಿಂತವರು. ಅವನ ಪಿಸಿ ಮೊದಲ ಬಗೆಯದು, ನನ್ನದು ಎರಡನೆಯದು. ಇಬ್ಬರ ಭಾಗಗಳನ್ನೂ, ಗೆಳೆಯನಿಂದ ಕೇಳಿ ತಂದ ಇನ್ನೊಂದು ಪ್ರೊಸೆಸರನ್ನೂ ಬೋರ್ಡನ್ನೂ ಮೇಜಿನ ಮೇಲೆ ಹರಡಿಕೊಂಡು, ಅದಲುಬದಲು ಮಾಡುತ್ತಾ ಅವೇ ಆಟಗಳನ್ನು ಅದೇ ಸೆಟ್ಟಿಂಗ್‌ನಲ್ಲಿ ಆಡಿ ನೋಡಿದೆವು.

ತಮ್ಮನದು ರೈಜನ್ 7 5700ಎಕ್ಸ್ ಮತ್ತು ರೇಡಿಯಾನ್ ಆರ್‌ಎಕ್ಸ್ 6600. ಎಂಟು ಕೋರ್, ಹದಿನಾರು ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲುಗಳು). ಕಾರ್ಡಿನಲ್ಲಿ 8 ಜಿಬಿ ಮೆಮೊರಿ. ನನ್ನದು ಕೋರ್ ಐ3-12100ಎಫ್ ಮತ್ತು ಆರ್‌ಎಕ್ಸ್ 6700 ಎಕ್ಸ್‌ಟಿ. ನಾಲ್ಕೇ ಕೋರ್, ಎಂಟು ಥ್ರೆಡ್. ಆದರೆ ಕಾರ್ಡಿನಲ್ಲಿ 12 ಜಿಬಿ. ಮೂರನೆಯದು ನಡುವಿನ ದಾರಿ: ಆರು ಕೋರಿನ ರೈಜನ್ 5 5600, ಜೊತೆಗೆ ಅದೇ 6700 ಎಕ್ಸ್‌ಟಿ. ಇದರಲ್ಲಿ ಹೆಚ್ಚಾಗುವ ಖರ್ಚನ್ನು ಮದರ್‌ಬೋರ್ಡ್, ಎಸ್‌ಎಸ್‌ಡಿ, ಕ್ಯಾಬಿನೆಟ್‌ಗಳಲ್ಲಿ ಕಡಿತ ಮಾಡಿ ಸರಿದೂಗಿಸಬೇಕು. ಹಾಗೆ ಮಾಡಿದರೆ ಮೂರರ ಒಟ್ಟು ಲೆಕ್ಕವೂ ಹತ್ತಿರ ಹತ್ತಿರವೇ ಬರುತ್ತದೆ. ಇವೆಲ್ಲ 2021–22ರ ಭಾಗಗಳು. ಆಮೇಲೆ ಹೊಸ ತಲೆಮಾರಿನವು ಬಂದಿವೆ, ಆದರೆ ದುಡ್ಡು ಹಂಚುವ ಪ್ರಶ್ನೆ ಅವುಗಳಲ್ಲೂ ಹೀಗೇ ಇದೆ.

ಅಳತೆಯ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಫ್ರೇಮ್‌ಗೂ, ಅಂದರೆ ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ಮೊದಲು ಪ್ರೊಸೆಸರ್ ಲೆಕ್ಕ ಹಾಕಬೇಕು: ಯಾರು ಎಲ್ಲಿದ್ದಾರೆ, ಯಾವ ಗುಂಡು ಎತ್ತ ಹೋಯಿತು, ತೆರೆಯ ಮೇಲೆ ಏನೇನು ಬರಬೇಕು. ಆಮೇಲೆ ಕಾರ್ಡು ಅದನ್ನು ಬಿಡಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಇಬ್ಬರಿಗೂ ಒಂದೊಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9 ಮಾತ್ರ. ಇಬ್ಬರಲ್ಲಿ ಯಾರು ತಡ ಮಾಡುತ್ತಾರೋ ಅವರ ವೇಗವೇ ಆಟದ ವೇಗ. ಹಾಗಾಗಿ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಒಂದನ್ನೇ ನೋಡದೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಫ್ರೇಮ್‌ಟೈಮ್ (ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ) ಗೆರೆಯನ್ನೂ ಕಾರ್ಡಿನ ಬಳಕೆಯನ್ನೂ ತೆರೆಯ ಮೂಲೆಯಲ್ಲಿ ಇಟ್ಟುಕೊಂಡೆವು. ಕಾರ್ಡಿನ ಬಳಕೆ ಶೇ. 97–99ರಲ್ಲಿ ನಿಂತಿದ್ದರೆ ಕಾರ್ಡು ಪೂರ್ತಿ ದುಡಿಯುತ್ತಿದೆ ಎಂದರ್ಥ. ಫ್ರೇಮ್‌ಗೆ ಮಿತಿ ಹಾಕದಿದ್ದರೂ ಅದು ಶೇ. 60–70ಕ್ಕೆ ಕುಸಿದರೆ, ಬಹುತೇಕ ಪ್ರೊಸೆಸರ್‌ಗಾಗಿ ಕಾಯುತ್ತಾ ಕೂತಿದೆ.

ಸೈಬರ್‌ಪಂಕ್ 2077ರಿಂದ ಶುರು ಮಾಡಿದೆವು. ತೆರೆಯ ರೆಸಲ್ಯೂಶನ್ 1080ಪಿ, ಹೈ ಸೆಟ್ಟಿಂಗ್. ಊರ ಹೊರಗಿನ ಬಯಲಿನಲ್ಲಿ ನನ್ನ ಜೋಡಿ ತಮ್ಮನದನ್ನು ಲೀಲಾಜಾಲವಾಗಿ ಹಿಂದೆ ಹಾಕಿತು. ಅಲ್ಲಿ ಜನ ಕಡಿಮೆ, ವಾಹನ ಕಡಿಮೆ, ನಾಲ್ಕು ಕೋರ್ ಧಾರಾಳವಾಗಿ ಸಾಕು, ದೊಡ್ಡ ಕಾರ್ಡಿನ ಬಲವೆಲ್ಲ ತೆರೆಗೆ ಬರುತ್ತದೆ. ಕಾರು ಹತ್ತಿ ನಗರದ ನಡುವಿಗೆ ನುಗ್ಗಿದಾಗ ಚಿತ್ರ ಬದಲಾಯಿತು. ಐ3ಯ ಎಂಟೂ ಥ್ರೆಡ್ ತುಂಬಿ ತುಳುಕಿದವು, ಕಾರ್ಡಿನ ಬಳಕೆ ಇಳಿಯಿತು, ನೇರವಾಗಿದ್ದ ಫ್ರೇಮ್‌ಟೈಮ್ ಗೆರೆ ಗರಗಸದ ಹಲ್ಲಿನಂತಾಯಿತು. ಸರಾಸರಿ ಆಗಲೂ ತಮ್ಮನದಕ್ಕಿಂತ ಸ್ವಲ್ಪ ಮೇಲೇ ಇತ್ತು, ಆದರೆ ತಿರುವು ತೆಗೆದುಕೊಳ್ಳುವಾಗ ಜರ್ಕ್ ಹೊಡೆಯುವುದು ಕಣ್ಣಿಗೇ ಕಾಣುತ್ತಿತ್ತು. 5700ಎಕ್ಸ್ ಜೋಡಿಯಲ್ಲಿ ಅದೇ ರಸ್ತೆ, ಅದೇ ವೇಗ, ಫ್ರೇಮ್ ಕಡಿಮೆ, ಗೆರೆ ಮಾತ್ರ ಹೆಚ್ಚು ಕಡಿಮೆ ಸಪಾಟು. ಕಣ್ಣಿಗೆ ಹಿತವಾಗಿದ್ದದ್ದು ಅದೇ.

ಎಫ್‌ಎಸ್‌ಆರ್ ಹಾಕಿ ನೋಡಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಎಫ್‌ಎಸ್‌ಆರ್ ಮಾಡುವುದೇನೆಂದರೆ ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುವುದು, ಅಂದರೆ ಕಾರ್ಡಿನ ಹೊರೆ ಇಳಿಸುವುದು. 6600ರಲ್ಲಿ ಕ್ವಾಲಿಟಿ ಮೋಡ್ ಹಾಕಿದ ಕೂಡಲೇ ಎಫ್‌ಪಿಎಸ್ ಎದ್ದಿತು. ಐ3 ಜೋಡಿಯಲ್ಲಿ, ಅದೇ ಜನಜಂಗುಳಿಯ ಜಾಗದಲ್ಲಿ, ಸಂಖ್ಯೆ ಅಲುಗಾಡಲೇ ಇಲ್ಲ. ಅಲ್ಲಿ ಉಪಯೋಗಕ್ಕೆ ಬಂದದ್ದು ಬೇರೆ ಎರಡು ಉಪಾಯ: ಕ್ರೌಡ್ ಡೆನ್ಸಿಟಿ (ಆಟದ ಬೀದಿಯ ಜನಸಂದಣಿ) ಇಳಿಸುವುದು, ಮತ್ತು ಪ್ರೊಸೆಸರ್ ಸರಾಗವಾಗಿ ಒದಗಿಸಬಲ್ಲ ಮಟ್ಟಕ್ಕೆ ಫ್ರೇಮ್ ಮಿತಿ ಕಟ್ಟುವುದು. ಮಿತಿ ಹಾಕಿದ ಮೇಲೆ ಜರ್ಕ್ ಬಹಳಷ್ಟು ಕಡಿಮೆಯಾಯಿತು. ಸಣ್ಣ ಪ್ರೊಸೆಸರ್ ಇಟ್ಟುಕೊಂಡು ಕಷ್ಟಪಡುತ್ತಿರುವವರು ಹೊಸದು ಕೊಳ್ಳುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಲೇಬೇಕು, ಖರ್ಚಿಲ್ಲದ ಮದ್ದು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವುದು) ಕಾರ್ಡಿಗೆ ಮಾತ್ರ ಭಾರ ಎಂಬ ನಂಬಿಕೆಯೂ ಬೇಡ, ಅದು ಪ್ರೊಸೆಸರ್ ಮೇಲೂ ಹೊರೆ ಹಾಕುತ್ತದೆ.

ಬಾಲ್ಡರ್ಸ್ ಗೇಟ್ 3 ಇನ್ನೂ ಕಠಿಣ ಪರೀಕ್ಷೆ. ಮೊದಲೆರಡು ಭಾಗಗಳಲ್ಲಿ ಮೂರು ಜೋಡಿಗೂ ತೊಂದರೆಯಿಲ್ಲ. ಮೂರನೇ ಭಾಗದಲ್ಲಿ ನಗರ ಪ್ರವೇಶಿಸಿದ ಮೇಲೆ, ಬೀದಿ ತುಂಬ ತಮ್ಮ ಪಾಡಿಗೆ ಓಡಾಡುವ ಪಾತ್ರಗಳಿರುವಲ್ಲಿ, 5700ಎಕ್ಸ್ ಕೂಡ ಏದುಸಿರು ಬಿಟ್ಟಿತು. ಐ3 ಅದಕ್ಕಿಂತ ಕೆಳಗೆ. ಆದರೆ ಇಲ್ಲಿ ನನ್ನ ತೀರ್ಪು ಮೃದು: ಇದು ಸರದಿಯ ಮೇಲೆ ಆಡುವ ಆಟ, 45 ಎಫ್‌ಪಿಎಸ್ ಇದ್ದರೂ ಆಡುವ ಸುಖಕ್ಕೆ ಕುಂದಿಲ್ಲ.

ಕೌಂಟರ್-ಸ್ಟ್ರೈಕ್ 2ರಲ್ಲಿ ಆ ಮಾತು ನಡೆಯುವುದಿಲ್ಲ. ತಮ್ಮ ಇದನ್ನು ದಿನಾ ಆಡುವವನು, ಮಾನಿಟರ್ 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಫ್ರೇಮ್ ತೋರಿಸಬಲ್ಲದು. ನನ್ನ ಐ3 ಜೋಡಿಯಲ್ಲಿ ಕೂರಿಸಿದೆ. ಒಂದು ಮ್ಯಾಚ್ ಮುಗಿಸಿ, "ಅಣ್ಣ, ನಂಬರ್ ಚೆನ್ನಾಗೇ ತೋರಿಸ್ತಿದೆ, ಆದ್ರೆ ಕೈಗೆ ಸರಿ ಹೋಗ್ತಿಲ್ಲ" ಅಂದ. ಗೆರೆ ತೆಗೆದು ನೋಡಿದರೆ ಅವನ ಮಾತು ನಿಜ. ಸರಾಸರಿ 144ಕ್ಕಿಂತ ಎಷ್ಟೋ ಮೇಲಿತ್ತು. ಹೊಗೆ ಬಾಂಬು ಬಿದ್ದು ನಾಲ್ಕೈದು ಜನ ಒಂದೇ ಕಡೆ ಎದುರಾದಾಗ, ಅಂದರೆ ಗುರಿ ಇಡಬೇಕಾದ ಕ್ಷಣದಲ್ಲೇ, ಅದು ಧೊಪ್ಪನೆ ಬೀಳುತ್ತಿತ್ತು. ಹಿಂದೆ ಡಿಸ್ಕಾರ್ಡ್ ಮತ್ತು ಬ್ರೌಸರ್ ತೆರೆದಿದ್ದರಂತೂ ಇನ್ನೂ ಹೆಚ್ಚು. ಅವನ 5700ಎಕ್ಸ್‌ನಲ್ಲಿ ಬೀಳುವುದು ಕಡಿಮೆ, ಬಿದ್ದರೂ 144ರ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಕಾರ್ಡು ಸಣ್ಣದಾದದ್ದು ಈ ಆಟದಲ್ಲಿ ಲೆಕ್ಕಕ್ಕೇ ಬರಲಿಲ್ಲ.

5600 ಬಂದದ್ದು ಇಲ್ಲಿ. 6700 ಎಕ್ಸ್‌ಟಿಯನ್ನು ಆರು ಕೋರಿನ ಈ ಪ್ರೊಸೆಸರ್ ಜೊತೆ ಕೂರಿಸಿದಾಗ ಕೌಂಟರ್-ಸ್ಟ್ರೈಕ್‌ನಲ್ಲಿ ಅವನ ಜೋಡಿಗೂ ಇದಕ್ಕೂ ಫರಕು ಕಂಡುಹಿಡಿಯಲು ನಮ್ಮಿಬ್ಬರಿಗೂ ಆಗಲಿಲ್ಲ. 5700ಎಕ್ಸ್‌ನಲ್ಲೂ 5600ರಲ್ಲೂ ಇರುವುದು ಅದೇ ಬಗೆಯ ಕೋರ್, ಎರಡಕ್ಕೂ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ). ಹೆಚ್ಚುವರಿ ಎರಡು ಕೋರು ವೀಡಿಯೊ ಎಡಿಟ್ ಮಾಡುವವರಿಗೆ, ಆಡುತ್ತಲೇ ಪ್ರೊಸೆಸರ್ ಮೂಲಕ ಸ್ಟ್ರೀಮ್ ಮಾಡುವವರಿಗೆ ಬೇಕು. ಬರೀ ಆಡುವವರಿಗೆ ಅದರ ಫಲ ಬಹಳ ಕಡಿಮೆ. ಐ3ಗೆ ಸಿಗುವುದು 12 ಎಂಬಿ ಕ್ಯಾಶ್ ಮತ್ತು ನಾಲ್ಕು ಕೋರ್. ನಾಲ್ಕರಿಂದ ಆರಕ್ಕೆ ಏರಿದ್ದು ಕೈಗೆ ಗೊತ್ತಾಯಿತು, ಆರರಿಂದ ಎಂಟಕ್ಕೆ ಏರಿದ್ದು ಗೊತ್ತಾಗಲಿಲ್ಲ. ಸೈಬರ್‌ಪಂಕ್‌ನ ನಗರದ ನಡುವೆ 5600 ಮತ್ತು 6700 ಎಕ್ಸ್‌ಟಿ ಜೋಡಿ ತಮ್ಮನದಕ್ಕಿಂತ ಹೆಚ್ಚು ಫ್ರೇಮ್ ಕೊಟ್ಟಿತು, ನನ್ನದಕ್ಕಿಂತ ಸಪಾಟಾದ ಗೆರೆ ಕೊಟ್ಟಿತು. ಮೊದಲಿನ ಎರಡು ಜೋಡಿಗಳು ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿದ್ದವು. ಇದರಲ್ಲಿ ಎರಡೂ ಒಂದೇ ಕಡೆ ಎಳೆದವು.

ಮಾನಿಟರ್ ಬದಲಾಯಿಸಿದರೆ ಲೆಕ್ಕವೂ ಬದಲಾಗುತ್ತದೆ. 1080ಪಿ ತೆರೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 36.9 ಲಕ್ಷ. ಕಾರ್ಡಿನ ಕೆಲಸ ಬಹಳ ಏರುತ್ತದೆ, ಪ್ರೊಸೆಸರ್ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ನನ್ನ 1440ಪಿ ಮಾನಿಟರ್‌ಗೆ ಹಾಕಿದಾಗ 6600 ಜೋಡಿ ಬಳಲಿತು, ಸೆಟ್ಟಿಂಗ್ ಇಳಿಸದೆ ಸೈಬರ್‌ಪಂಕ್ 60 ಮುಟ್ಟಲಿಲ್ಲ. ಐ3 ಜೋಡಿಯ ಕುಂದು ಮಾತ್ರ ಅರ್ಧಕ್ಕರ್ಧ ಮರೆಯಾಯಿತು, ಈಗ ತಡ ಮಾಡುತ್ತಿದ್ದದ್ದು ಕಾರ್ಡೇ ಆದ್ದರಿಂದ. 12 ಜಿಬಿ ಮೆಮೊರಿಯ ಬೆಲೆ ಗೊತ್ತಾಗುವುದೂ ಇಲ್ಲಿಯೇ. ಮೆಮೊರಿಯಲ್ಲಿ ಜಾಗ ಇರುವವರೆಗೆ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟ ಏರಿಸಿದರೆ ವೇಗಕ್ಕೆ ಹೆಚ್ಚೇನೂ ಪೆಟ್ಟಾಗುವುದಿಲ್ಲ, ಜಾಗ ಮುಗಿದ ಕೂಡಲೇ ತಡವರಿಕೆ ಶುರುವಾಗುತ್ತದೆ.

ಅಂಗಡಿಯ ಪಟ್ಟಿಯಲ್ಲಿ ಎದ್ದು ಕಾಣದ ಖರ್ಚುಗಳನ್ನೂ ಹೋಲಿಕೆಗೆ ಸೇರಿಸಬೇಕು. 5700ಎಕ್ಸ್ ಡಬ್ಬದಲ್ಲಿ ಕೂಲರ್ ಬರುವುದಿಲ್ಲ. 5600 ಮತ್ತು 12100ಎಫ್ ಡಬ್ಬಗಳಲ್ಲಿ ಬರುತ್ತದೆ. ಆ ಕಡೆ 6600 ಕಾರ್ಡ್ ಎಳೆಯುವುದು 132 ವ್ಯಾಟ್, ತಯಾರಕ ಕಂಪನಿ ಎಎಂಡಿ ಅದಕ್ಕೆ ಹೇಳುವುದು 450 ವ್ಯಾಟ್‌ನ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಒದಗಿಸುವ ಡಬ್ಬ). 6700 ಎಕ್ಸ್‌ಟಿ 230 ವ್ಯಾಟ್ ಎಳೆಯುತ್ತದೆ, ಅದಕ್ಕೆ ಹೇಳುವುದು 650 ವ್ಯಾಟ್. ಎಂದರೆ ದೊಡ್ಡ ಕಾರ್ಡಿನ ಜೊತೆ ದೊಡ್ಡ ಎಸ್‌ಎಂಪಿಎಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಮಾತ್ರ ದಯವಿಟ್ಟು ಕೈ ಬಿಗಿ ಮಾಡಬೇಡಿ. ಡಬ್ಬದ ಮೇಲಿನ 80 ಪ್ಲಸ್ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ; ಒಳಗಿನ ಕೆಪ್ಯಾಸಿಟರ್ ಎಂಥದು, ಶಾರ್ಟ್ ಆದಾಗ ತಾನಾಗಿ ಕಡಿದುಕೊಳ್ಳುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಓದಿಯೇ ಕೊಳ್ಳಿ.

ರ್ಯಾಮ್ ವಿಷಯ ಇದಕ್ಕಿಂತ ಸುಲಭ. 16 ಜಿಬಿಯ ಒಂದೇ ಸ್ಟಿಕ್ ಬೇಡ, 8 ಜಿಬಿಯ ಎರಡು ಹಾಕಿ. ಡಿಡಿಆರ್4-3200ರ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯಬಲ್ಲದು, ಎರಡಾದರೆ 51.2. 5600ರಲ್ಲಿ ಒಂದು ಸ್ಟಿಕ್ ಕಿತ್ತು ಕೌಂಟರ್-ಸ್ಟ್ರೈಕ್ ಆಡಿಸಿದರೆ ಐ3ಯ ಜರ್ಕ್ ನೆನಪಾಗುವಷ್ಟು ಹದಗೆಟ್ಟಿತು. ಬಯೋಸ್‌ಗೆ (ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಹೋಗಿ ರ್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡುವುದನ್ನೂ ಮರೆಯಬಾರದು, ಇಲ್ಲದಿದ್ದರೆ 3200 ಎಂದು ಕೊಂಡ ರ್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರಬಹುದು.

ಹಾಗಾದರೆ ಮೂರನೇ ಜೋಡಿಗೆ ಕಡಿತ ಎಲ್ಲಿ? ಮದರ್‌ಬೋರ್ಡ್‌ನಲ್ಲಿ ಬಿ550 ಮಾದರಿ ಬಿಟ್ಟು ಹಳೆಯ ಬಿ450 ಸಾಕು. ಅದರಲ್ಲಿ ಸಿಗುವುದು ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ದತ್ತಾಂಶದ ದಾರಿ) 3.0 ಮಾತ್ರ, ಆದರೆ 6700 ಎಕ್ಸ್‌ಟಿ ಆ ದಾರಿಯ ಹದಿನಾರೂ ಲೇನ್ (ಸಾಲು) ಬಳಸುವ ಕಾರ್ಡ್ ಆದ್ದರಿಂದ ನಷ್ಟ ಗಮನಕ್ಕೆ ಬರುವುದಿಲ್ಲ. 6600ರಲ್ಲಿ ಲೇನ್ ಎಂಟೇ, ಅಲ್ಲಿ ಸ್ವಲ್ಪ ನಷ್ಟವಿದೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ಲೇನ್, ಮೆಮೊರಿಯೂ 4 ಜಿಬಿ. ಅದನ್ನು ಹಳೆಯ ಬೋರ್ಡಿಗೆ ಹಾಕಲೇಬೇಡಿ. ಬಿ450 ಹಳೆಯ ದಾಸ್ತಾನಾದರೆ 5000 ಸರಣಿಯ ಪ್ರೊಸೆಸರ್ ಗುರುತಿಸಲು ಬಯೋಸ್ ಅಪ್‌ಡೇಟ್ ಬೇಕಾಗಬಹುದು, ಕೊಳ್ಳುವಾಗಲೇ ಕೇಳಿಕೊಳ್ಳಿ. ಎಸ್‌ಎಸ್‌ಡಿ ಸಾಟಾ ಎಂಬ ಹಳೆಯ ಬಗೆಯ ಜೋಡಣೆಯದಾದರೂ ನಡೆಯುತ್ತದೆ: ಹೊಸ ಬಗೆಯ ಎನ್‌ವಿಎಂಇಗಿಂತ ಕಾಗದದ ಮೇಲೆ ಆರು ಪಟ್ಟು ನಿಧಾನ, ನಾವು ಆಡಿದ ಆಟಗಳಲ್ಲಿ ಲೋಡ್ ಆಗುವಾಗ ಕೆಲವು ಸೆಕೆಂಡ್ ಹೆಚ್ಚು ಕಾದದ್ದಷ್ಟೇ. ಹಾರ್ಡ್ ಡಿಸ್ಕ್ ಮಾತ್ರ ಆಟಕ್ಕೆ ಬೇಡ. ಕ್ಯಾಬಿನೆಟ್‌ನಲ್ಲಿ ಬಣ್ಣದ ದೀಪ, ಗಾಜು ಬಿಟ್ಟು ಮುಂದೆ ಜಾಲರಿ ಇರುವುದನ್ನು ಆರಿಸಿ.

ನಾನು ಐ3 ಕೊಟ್ಟು 5600ಕ್ಕೆ ಬಂದಿದ್ದೇನೆ, ಕಾರ್ಡು ಅದೇ. ತಮ್ಮ ತನ್ನ ಜೋಡಿಯನ್ನು ಬದಲಿಸಲಿಲ್ಲ. ಅವನು ಆಡುವುದು 1080ಪಿಯಲ್ಲಿ, ಅದೂ ಮುಕ್ಕಾಲು ಪಾಲು ಕೌಂಟರ್-ಸ್ಟ್ರೈಕ್. ಅವನಿಗೆ 6700 ಎಕ್ಸ್‌ಟಿಯಿಂದ ಆಗಬೇಕಾದದ್ದೇನೂ ಇಲ್ಲ. ಅವನಂತೆ ಆಡುವವರು ಹೊಸದಾಗಿ ಕಟ್ಟುವುದಾದರೆ 5600 ಮತ್ತು 6600 ಹಾಕಿ, ಉಳಿದ ದುಡ್ಡನ್ನು 144 ಹರ್ಟ್ಜ್ ಮಾನಿಟರ್‌ಗೆ ಕೊಡಲಿ. 1440ಪಿಯಲ್ಲಿ ಕಥೆಯುಳ್ಳ ದೊಡ್ಡ ಆಟಗಳನ್ನಷ್ಟೇ ಆಡುವವರು, 60ರ ಮಿತಿ ಕಟ್ಟಿಕೊಳ್ಳಲು ಸಿದ್ಧರಿದ್ದರೆ, ಐ3 ಮತ್ತು 6700 ಎಕ್ಸ್‌ಟಿಯನ್ನು ಧೈರ್ಯವಾಗಿ ಕಟ್ಟಬಹುದು. ಆ ಸಾಕೆಟ್‌ನಲ್ಲಿ ಮುಂದೆ 12ರಿಂದ 14ನೇ ತಲೆಮಾರಿನ ಐ5 ಕೂರುತ್ತದೆ. ಬೋರ್ಡ್ ಕೊಳ್ಳುವಾಗ ಅದರ ವಿದ್ಯುತ್ ಭಾಗ ಐ5ನ ಹೊರೆ ತಡೆಯುವಂತಿದೆಯೇ ಎಂದು ನೋಡಿಕೊಂಡಿರಬೇಕು.