ಮೇಪಲ್ ರಸಕ್ಕೆ ಸಣ್ಣ ಆರ್‌ಒ ಯಂತ್ರ: ಹಲವು ಸುಗ್ಗಿಗಳ ಬಳಕೆಯ ನಂತರ

ಮೂವತ್ತು ನಲವತ್ತು ಮೇಪಲ್ ಮರಗಳಿಗೆ ನಳಿಗೆ ಹಾಕಿ ರಸ ಇಳಿಸಿ, ಮನೆಯ ಹಿಂದೆಯೇ ಅದನ್ನು ಸಿರಪ್ ಆಗಿ ಕಾಯಿಸುವವರು, ಒತ್ತಡ ಕೊಟ್ಟು ಪೊರೆಯ ಮೂಲಕ ನೀರನ್ನು ಬೇರ್ಪಡಿಸುವ ಈ ಆರ್‌ಒ ಯಂತ್ರವನ್ನು ಕೊಳ್ಳಬಹುದೇ ಎಂದು ಕೇಳಿದರೆ, ಧೈರ್ಯವಾಗಿ ಕೊಳ್ಳಿ ಎನ್ನುತ್ತೇನೆ. ಆದರೆ ಇದು ರಸದ ಅರ್ಧದಷ್ಟು ನೀರನ್ನು ತೆಗೆಯುವ ಯಂತ್ರ ಎಂದು ತಿಳಿದುಕೊಂಡು ಕೊಳ್ಳಿ. ಅದಕ್ಕಿಂತ ಹೆಚ್ಚನ್ನು ಇದರಿಂದ ಹಿಂಡಲು ಹೊರಟರೆ ಪಂಪ್ ಬಳಲುತ್ತದೆ, ಮೆಂಬ್ರೇನ್ ಎಂಬ ಆ ಪೊರೆ ಕಟ್ಟಿಕೊಳ್ಳುತ್ತದೆ, ಉಳಿತಾಯವಾಗುವ ಸಮಯವೂ ಅಷ್ಟಕ್ಕಷ್ಟೆ. ಅಮೆರಿಕದ ವರ್ಮಾಂಟ್ ರಾಜ್ಯದ ಉತ್ತರ ಭಾಗದಲ್ಲಿ ಹಲವು ಸುಗ್ಗಿಗಳಲ್ಲಿ ಇದನ್ನು ನಡೆಸಿದ ಮೇಲೆ ನಾನು ತಲುಪಿರುವ ತೀರ್ಮಾನ ಇದು.

ಶುಗರ್ ಮೇಪಲ್ ಮರದ ರಸದಲ್ಲಿ ಇರುವ ಸಕ್ಕರೆ ಸುಮಾರು ಶೇ. 2 ಮಾತ್ರ. ಬಾಯಿಗೆ ಹಾಕಿಕೊಂಡರೆ ನೀರೆಂದೇ ಅನ್ನಿಸುತ್ತದೆ. ಸಿರಪ್ ಆಗಬೇಕಾದರೆ ಆ ಅಂಶ ಶೇ. 66 ದಾಟಬೇಕು. ಇಲ್ಲಿನ ಬೆಳೆಗಾರರು 86ನ್ನು ರಸದ ಬ್ರಿಕ್ಸ್ ಅಂಕಿಯಿಂದ, ಅಂದರೆ ಸಕ್ಕರೆಯ ಶೇಕಡಾ ಪ್ರಮಾಣದಿಂದ, ಭಾಗಿಸಿ ಲೆಕ್ಕ ಹಾಕುತ್ತಾರೆ, ಶೇ. 2ರ ರಸವಾದರೆ 43 ಲೀಟರಿಗೆ ಒಂದು ಲೀಟರ್ ಸಿರಪ್. ಮಂಡ್ಯದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುರಿಯುವ ಕಬ್ಬಿನ ಹಾಲಿನಲ್ಲಿ ಇದರ ಏಳೆಂಟು ಪಟ್ಟು ಸಕ್ಕರೆ ಇರುತ್ತದೆ, ಒಲೆಗೆ ಹಿಂಡಿ ಉಳಿದ ಸಿಪ್ಪೆಯೇ ಆಗುತ್ತದೆ. ಇಲ್ಲಿ ಸೌದೆಯನ್ನು ವರ್ಷದ ಮೊದಲೇ ಕಡಿದು, ಸೀಳಿ, ಒಣಗಿಸಿ ಇಡಬೇಕು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಬೇಕಾಗುವ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 0.63 ಯೂನಿಟ್. ನೂರು ಲೀಟರಿಗೆ 63 ಯೂನಿಟ್. ಅದೇ ನೂರು ಲೀಟರ್ ನೀರನ್ನು ಬೇರ್ಪಡಿಸಲು ನನ್ನ ಯಂತ್ರದ ಪಂಪ್ ಒಂದು ಯೂನಿಟ್ಟನ್ನೂ ಬಳಸುವುದಿಲ್ಲ. ಈ ಒಂದು ಹೋಲಿಕೆಯೇ ನನ್ನನ್ನು ಖರೀದಿಗೆ ಒಪ್ಪಿಸಿತು, ಇಂದಿಗೂ ಅದು ಸುಳ್ಳಾಗಿಲ್ಲ.

ಯಂತ್ರದ ಒಳಗೆ ಹೊಸದೇನೂ ಇಲ್ಲ. ಬೆಂಗಳೂರಿನ ಅಡುಗೆಮನೆಗಳ ಗೋಡೆಗೆ ನೇತುಹಾಕಿರುವ ಆರ್‌ಒ ಶುದ್ಧೀಕರಣ ಯಂತ್ರದಲ್ಲಿ ಇರುವ ಜಾತಿಯದೇ ಮೆಂಬ್ರೇನ್. ದಿನಕ್ಕೆ 150 ಗ್ಯಾಲನ್ (ಸುಮಾರು 570 ಲೀಟರ್) ಎಂದು ಗುರುತಿಸಿದ ಅಂಥ ನಾಲ್ಕು ಮೆಂಬ್ರೇನ್‌ಗಳು, ಮುಂದೆ 5 ಮೈಕ್ರಾನ್‌ನ ಕಸ ತಡೆಯುವ ಒಂದು ಸೆಡಿಮೆಂಟ್ ಫಿಲ್ಟರ್, ಒಂದು ಡಯಾಫ್ರಾಮ್ ಪಂಪ್, ಒತ್ತಡ ತೋರಿಸುವ ಮಾಪಕ, ನೀರು ಕಳೆದು ಉಳಿದ ಗಟ್ಟಿ ರಸದ ದಾರಿಯಲ್ಲಿ ಹರಿವನ್ನು ಹತೋಟಿಯಲ್ಲಿಡುವ ಒಂದು ಸೂಜಿ ವಾಲ್ವ್. ಬೆಲೆ ಕೆಲವು ನೂರು ಡಾಲರ್. ಮನೆಯ ಯಂತ್ರದಲ್ಲಿ ಮೆಂಬ್ರೇನ್ ದಾಟಿ ಬಂದ ನೀರನ್ನು ಉಳಿಸಿಕೊಂಡು ಹಿಂದೆ ಉಳಿದದ್ದನ್ನು ಚೆಲ್ಲುತ್ತೇವೆ. ಇಲ್ಲಿ ಹಿಂದೆ ಉಳಿದದ್ದೇ ನಮಗೆ ಬೇಕಾದದ್ದು. ಇಂಥ ಮೆಂಬ್ರೇನ್‌ಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಒಬ್ಬರು. ಅವರೂ ಸಿಡ್ನಿ ಲೋಬ್ ಅವರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಆವರಣದಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸಲು ಕೆಲಸ ಮಾಡುತ್ತಿದ್ದರು. ಆ ಕೆಲಸ ಫಲಿಸಿ ಹತ್ತು ವರ್ಷ ಕಳೆಯುವ ಮೊದಲೇ, 1960ರ ದಶಕದಲ್ಲಿ, ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಅದನ್ನು ಮೇಪಲ್ ರಸದ ಮೇಲೆ ಪ್ರಯೋಗಿಸಿ ನೋಡಿದ್ದರು. ಸೌರಿರಾಜನ್ ಮುಂದೆ ಕೆನಡಾದ ಒಟ್ಟಾವಾದಲ್ಲಿ, ಅಂದರೆ ಮೇಪಲ್ ನಾಡಿನಲ್ಲೇ, ಸಂಶೋಧನೆ ಮುಂದುವರಿಸಿದರು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಬೆಂಕಿಯಿಲ್ಲದೆ ನೀರು ತೆಗೆಯುವುದು ಕಳ್ಳದಾರಿ ಎನ್ನುವವರು ಇಲ್ಲಿ ಇನ್ನೂ ಇದ್ದಾರೆ. ಅವರಿಗೆ ನನ್ನ ಉತ್ತರ ಒಂದೇ: ಉತ್ತರ ಅಮೆರಿಕದ ಮೂಲನಿವಾಸಿಗಳು ರಸವನ್ನು ರಾತ್ರಿಯ ಚಳಿಗೆ ಒಡ್ಡಿ, ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಎತ್ತಿ ಎಸೆಯುತ್ತಿದ್ದರು. ಸಕ್ಕರೆ ಕೆಳಗಿನ ದ್ರವದಲ್ಲಿ ಉಳಿಯುತ್ತಿತ್ತು.

ಲೆಕ್ಕವನ್ನು ನನ್ನ ಅಂಗಳಕ್ಕೆ ತರುತ್ತೇನೆ. ರಾತ್ರಿ ಸೊನ್ನೆಗಿಂತ ಕೆಳಗಿಳಿದು ಹಗಲು ನಾಲ್ಕೈದು ಡಿಗ್ರಿಗೆ ಏರುವ ಮಾರ್ಚ್ ತಿಂಗಳ ಒಳ್ಳೆಯ ದಿನವೊಂದರಲ್ಲಿ 200 ಲೀಟರ್ ರಸ ಸೇರುತ್ತದೆ. ನನ್ನ ಎರಡು ಅಡಿ ಅಗಲ, ಮೂರು ಅಡಿ ಉದ್ದದ ಉಕ್ಕಿನ ಬಾಣಲೆ ಗಂಟೆಗೆ ಸುಮಾರು 22 ಲೀಟರ್ ನೀರನ್ನು ಆವಿ ಮಾಡುತ್ತದೆ. ಯಂತ್ರವಿಲ್ಲದಿದ್ದರೆ ಒಂಬತ್ತು ಗಂಟೆ ಒಲೆಯ ಮುಂದೆ ನಿಲ್ಲಬೇಕು. ರಸವನ್ನು ಒಂದು ಸಲ ಯಂತ್ರದೊಳಗೆ ಹಾಯಿಸಿ ಶೇ. 4ಕ್ಕೆ ತಂದರೆ ನಾಲ್ಕೂವರೆ ಗಂಟೆ ಸಾಕು. ಸಂಜೆ ಕೆಲಸದಿಂದ ಬಂದವರು ಅದೇ ರಾತ್ರಿ ಮುಗಿಸಿ ಮಲಗಬಹುದು. ಸಿಗುವ ಸಿರಪ್ ಎರಡೂ ಬಗೆಯಲ್ಲಿ ಅಷ್ಟೇ, ನಾಲ್ಕೂವರೆ ಲೀಟರಿನ ಆಸುಪಾಸು.

ಹಾಗಾದರೆ ಮತ್ತೊಮ್ಮೆ ಹಾಯಿಸಿ ಶೇ. 8ಕ್ಕೆ ಏಕೆ ಒಯ್ಯಬಾರದು? ಹೆಚ್ಚಿನವರು ಕೇಳುವುದು ಇದನ್ನೇ. ಸಕ್ಕರೆ ತನ್ನ ಸುತ್ತಲಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಹಿಡಿತವನ್ನು ಮೀರಿದ ಒತ್ತಡ ಕೊಟ್ಟರೆ ಮಾತ್ರ ನೀರು ಮೆಂಬ್ರೇನ್ ದಾಟುತ್ತದೆ. ಶೇ. 2ರ ರಸದಲ್ಲಿ ಆ ಹಿಡಿತ, ಒತ್ತಡ ಅಳೆಯುವ ಪಿಎಸ್‌ಐ ಮಾನದಲ್ಲಿ, ಸುಮಾರು 20 ಪಿಎಸ್‌ಐ, ಶೇ. 8ರಲ್ಲಿ ಸುಮಾರು 90. ಸಣ್ಣ ಪಂಪ್ ಕೊಡುವುದೇ 80ರಿಂದ 100 ಪಿಎಸ್‌ಐ. ಆದ್ದರಿಂದ ಶೇ. 4ರವರೆಗೆ ಯಂತ್ರ ಸಲೀಸಾಗಿ ಹೋಗುತ್ತದೆ, ಶೇ. 6ರ ಹೊತ್ತಿಗೆ ನೀರಿನ ಧಾರೆ ಸಣ್ಣಗಾಗುತ್ತದೆ, 8ರ ಹತ್ತಿರ ತೊಟ್ಟಿಕ್ಕುತ್ತದೆ. ಮೇಪಲ್ ಸಿರಪ್ ತಯಾರಿಸುವ ದೊಡ್ಡ ಸಕ್ಕರೆಮನೆಗಳ ಯಂತ್ರಗಳು ನೂರಾರು ಪಿಎಸ್‌ಐ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಅವುಗಳ ಲೆಕ್ಕವೇ ಬೇರೆ. ಮಾರಾಟದ ಹಾಳೆಗಳಲ್ಲಿ ‘ಎರಡನೇ ಸಲ ಹಾಯಿಸಿ’ ಎಂದು ಸುಲಭವಾಗಿ ಬರೆದಿರುತ್ತಾರೆ. ರಸ ವಿಪರೀತ ಸೇರಿ ತೊಟ್ಟಿ ತುಂಬಿದ ದಿನ ನಾನೂ ಹಾಯಿಸುತ್ತೇನೆ, ಆದರೆ ಶೇ. 5 ದಾಟಿದ ಕೂಡಲೇ ನಿಲ್ಲಿಸುತ್ತೇನೆ.

ತಯಾರಕರ ಮೇಲೆ ನನ್ನ ದೊಡ್ಡ ತಕರಾರು ವೇಗದ ಅಂಕಿಯದು. ಈ ಮೆಂಬ್ರೇನ್‌ಗಳ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ. ರಸ ಬರುವುದು ಮೂರು ನಾಲ್ಕು ಡಿಗ್ರಿಯಲ್ಲಿ. ಅಷ್ಟು ತಣ್ಣಗಿನ ನೀರು ಮೆಂಬ್ರೇನ್ ದಾಟುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂಕಿಗಳ ಪ್ರಕಾರ ಗಂಟೆಗೆ 95 ಲೀಟರ್ ನೀರು ಬೇರೆಯಾಗಬೇಕು; ನನಗೆ ಸಿಗುವುದು 35ರಿಂದ 40. ಚಳಿಗಾಲದ ರಸಕ್ಕೆಂದೇ ಮಾರುವ ಯಂತ್ರದ ಜೊತೆ ಚಳಿಯಲ್ಲಿ ಅಳೆದ ಅಂಕಿಯನ್ನು ಕೊಡಬೇಕು. ಹಾಗೆಂದು ವೇಗಕ್ಕಾಗಿ ರಸವನ್ನು ಬೆಚ್ಚಗೆ ಮಾಡಬೇಡಿ. ರಸ ಹಾಲಿನಷ್ಟೇ ಬೇಗ ಕೆಡುತ್ತದೆ, ಗಟ್ಟಿಯಾದ ರಸ ಇನ್ನೂ ಬೇಗ. ಒಂದು ಕಡೆ ಯಂತ್ರ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಬಾಣಲೆ ಕುದಿಯುತ್ತಿರಲಿ.

ಆರೈಕೆಯ ವಿಷಯದಲ್ಲಿ ಮಾತ್ರ ಸೋಮಾರಿತನ ನಡೆಯುವುದಿಲ್ಲ. ಪ್ರತಿ ಸಲ ಕೆಲಸ ಮುಗಿದ ಮೇಲೆ ಯಂತ್ರವೇ ಬೇರ್ಪಡಿಸಿದ ನೀರನ್ನು ಅದರೊಳಗೆ ಹಾಯಿಸಿ ತೊಳೆಯಬೇಕು. ಅದಕ್ಕಾಗಿ ನಾನು ಎರಡು ದೊಡ್ಡ ಬಕೆಟ್ ನೀರನ್ನು ಯಾವಾಗಲೂ ತೆಗೆದಿಡುತ್ತೇನೆ. ಪಟ್ಟಣದ ನಲ್ಲಿ ನೀರು ಬೇಡವೇ ಬೇಡ, ಅದರಲ್ಲಿರುವ ಕ್ಲೋರಿನ್ ಈ ಮೆಂಬ್ರೇನ್‌ಗಳನ್ನು ತಿಂದುಹಾಕುತ್ತದೆ. ಒಳಗೆ ನೀರು ಹೆಪ್ಪುಗಟ್ಟಿದರೆ ಮೆಂಬ್ರೇನ್ ಹರಿದು ಹೋಗಬಹುದು, ಹಾಗಾಗಿ ರಾತ್ರಿ ಯಂತ್ರ ಮನೆಯೊಳಗೇ ಇರಬೇಕು. ಸುಗ್ಗಿ ಮುಗಿದ ಬಳಿಕ ಮೆಂಬ್ರೇನ್‌ಗಳನ್ನು ಒಣಗಲು ಬಿಡಬಾರದು. ಕೆಡದಂತೆ ಕಾಯುವ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಮುಚ್ಚಿ, ತಂಪಾದ ಕಡೆ ಇಡುತ್ತೇನೆ. ಮುಂದಿನ ವರ್ಷ ರಸ ಹಾಯಿಸುವ ಮೊದಲು ಆ ದ್ರಾವಣ ಪೂರ್ತಿ ಹೋಗುವವರೆಗೆ ತೊಳೆಯುವುದು ಕಡ್ಡಾಯ.

ಮೆಂಬ್ರೇನ್ ಸೋರುತ್ತಿದೆಯೇ ಎಂದು ತಿಳಿಯಲು ನೀರಿನಲ್ಲಿ ಕರಗಿದ ಅಂಶ ಅಳೆಯುವ ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ಲವಣಗಳನ್ನು ಗುರುತಿಸುತ್ತದೆ, ಸಕ್ಕರೆಯನ್ನಲ್ಲ. ಬೇರೆಯಾದ ನೀರಿನ ಒಂದು ಹನಿಯನ್ನು ಸಕ್ಕರೆಯ ಪ್ರಮಾಣ ತೋರಿಸುವ ರಿಫ್ರ್ಯಾಕ್ಟೊಮೀಟರ್ ಮೇಲೆ ಹಾಕಿ ನೋಡಿ, ಸೊನ್ನೆ ತೋರಿಸಬೇಕು.

ಮೆಂಬ್ರೇನ್‌ಗಳು ಚೆನ್ನಾಗಿಯೇ ಬಾಳಿವೆ, ಒಂದನ್ನು ಮಾತ್ರ ಬದಲಿಸಿದ್ದೇನೆ. ನನಗೆ ಬೇಸರ ತಂದದ್ದು ಪಂಪ್. ಸುಗ್ಗಿಯ ನಡುವೆಯೇ ಅದರ ತಲೆಯ ಭಾಗ ಸೋರತೊಡಗಿತು. ಮಾರಿದವರಿಗೆ ಬರೆದೆ, ಅವರ ಉತ್ತರ ಬಂದದ್ದು ಮರಗಳು ಮೊಗ್ಗೊಡೆದು ರಸ ಕೆಟ್ಟ ಮೇಲೆ. ಆರೇ ವಾರಗಳ ಸುಗ್ಗಿಗೆ ಯಂತ್ರ ಮಾರುವವರು ಆ ಆರು ವಾರಗಳಲ್ಲಾದರೂ ಫೋನ್ ಎತ್ತಬೇಕು. ಅದೃಷ್ಟಕ್ಕೆ ಪಂಪ್ ಸಾಮಾನ್ಯ ಬಗೆಯದು, ಕುಡಿಯುವ ನೀರಿನ ಯಂತ್ರಗಳ ಬಿಡಿಭಾಗ ಮಾರುವಲ್ಲಿ ಹೊಂದುವಂಥದ್ದು ಸಿಕ್ಕಿತು.

ರುಚಿ ಕೆಡುವುದಿಲ್ಲವೇ? ಅಂಡರ್‌ಹಿಲ್‌ನಲ್ಲಿರುವ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದವರು ಒಂದೇ ರಸವನ್ನು ಬೇರೆ ಬೇರೆ ಮಟ್ಟಕ್ಕೆ ಗಟ್ಟಿಯಾಗಿಸಿ, ಕಾಯಿಸಿ, ಹೋಲಿಸಿ ನೋಡಿದ್ದಾರೆ. ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಮೇಪಲ್‌ನ ಪರಿಮಳ ಹುಟ್ಟುವುದು ಬಾಣಲೆಯಲ್ಲಿ, ಕಾವಿನಲ್ಲಿ. ಶೇ. 4ರಿಂದ 66ಕ್ಕೆ ಏರುವ ಹಾದಿ ಆಗಲೂ ಬೆಂಕಿಯ ಮೇಲೆಯೇ ಸಾಗುತ್ತದೆ. ನನ್ನ ನಾಲಿಗೆಗೆ ಸುಗ್ಗಿಯ ಆರಂಭದ ಸಿರಪ್ ತುಸು ತಿಳಿಯಾಗಿ, ಹೂವಿನಂಥ ಸುವಾಸನೆಯಿಂದ ಕೂಡಿರುತ್ತದೆ, ಅದನ್ನು ದೋಸೆಯ ಜೊತೆ ತಿನ್ನುವುದು ನಮ್ಮ ಮನೆಯವರಿಗೆಲ್ಲ ಪ್ರಿಯ. ಒಂದು ಎಚ್ಚರಿಕೆ: ಗಟ್ಟಿ ರಸ ಬಾಣಲೆಯಲ್ಲಿ ಬಹಳ ಬೇಗ ಪಾಕಕ್ಕೆ ಬರುತ್ತದೆ. ನೀರು ಕುದಿಯುವ ಬಿಂದುವಿಗಿಂತ ನಾಲ್ಕು ಡಿಗ್ರಿ ಮೇಲೇರಿದರೆ ಸಿರಪ್ ಸಿದ್ಧ, ಅಲ್ಲಿಂದ ತಳ ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಹತ್ತಕ್ಕಿಂತ ಕಡಿಮೆ ಮರಗಳಿದ್ದರೆ ಈ ಖರ್ಚು ಬೇಡ, ಒಳ್ಳೆಯ ಅಗಲವಾದ ಬಾಣಲೆಗೆ ಹಣ ಹಾಕಿ. ನೂರಕ್ಕೆ ಹತ್ತಿರವಾದರೆ ಈ ಪಂಪ್ ಸಾಲದು, ಹೆಚ್ಚು ಒತ್ತಡದ, ದೊಡ್ಡ ಮೆಂಬ್ರೇನ್‌ನ ಯಂತ್ರವನ್ನು ನೋಡಿ. ನಡುವಿನವರು ಈ ಯಂತ್ರದೊಂದಿಗೆ ಒಂದು ರಿಫ್ರ್ಯಾಕ್ಟೊಮೀಟರ್, ನಾಲ್ಕೈದು ಸೆಡಿಮೆಂಟ್ ಫಿಲ್ಟರ್, ಒಂದು ಹೆಚ್ಚುವರಿ ಪಂಪ್ ತರಿಸಿಕೊಳ್ಳಿ. ಫೆಬ್ರುವರಿ ಮುಗಿಯುವುದರೊಳಗೆ ತರಿಸಿಕೊಳ್ಳಿ, ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೇ ಕೇಳುತ್ತಾರೆ.