ರಿಮೋಟ್ ವಿಮಾನ ರಾತ್ರಿ ಹಾರಿಸೋಕೆ ಯಾವ ಎಲ್‌ಇಡಿ? ಮೂರು ಥರ ಹಾಕಿ ನೋಡಿದೆ

ಭತ್ತದ ಕೊಯ್ಲು ಮುಗಿದ ಮೇಲೆ ತೀರ್ಥಹಳ್ಳಿ ಹತ್ತಿರ ಭಾವನ ಗದ್ದೆ ಖಾಲಿ ಇರುತ್ತದೆ, ನಾನು ವಿಮಾನ ಹಾರಿಸುವುದು ಅಲ್ಲೇ. ಸುತ್ತ ಅಡಿಕೆ ತೋಟ, ಏಳು ಗಂಟೆಗೆಲ್ಲ ಗವ್ವೆನ್ನುವ ಕತ್ತಲೆ. 2023ರಲ್ಲಿ ಸೋಗಾನೆ ವಿಮಾನ ನಿಲ್ದಾಣ ಶುರುವಾದ ಮೇಲೆ ನಾನು ಶಿವಮೊಗ್ಗದ ಆಸುಪಾಸು ಹಾರಿಸುವುದನ್ನೇ ಬಿಟ್ಟಿದ್ದೇನೆ. ವಿಮಾನ ಡೆಪ್ರಾನ್ ಎಂಬ ಹಗುರ ಫೋಮ್ ಹಾಳೆಯದು, ಬ್ಯಾಟರಿ 3 ಸೆಲ್‌ನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್).

ಮೊದಲು ಹಾಕಿದ್ದು 12 ವೋಲ್ಟ್ ಸ್ಟ್ರಿಪ್, ಮನೆ ಸೀಲಿಂಗ್‌ಗೆ ಹಾಕುತ್ತಾರಲ್ಲ ಅದೇ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಮೂರು ಎಲ್‌ಇಡಿಗೊಂದು ಕಡೆ ಗುರುತು ಇರುತ್ತದೆ, ಅಲ್ಲೇ ಕತ್ತರಿಸಬೇಕು. ಬ್ಯಾಟರಿಯ ಬ್ಯಾಲೆನ್ಸ್ ಕನೆಕ್ಟರ್‌ನ (ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸಮ ಮಾಡುವ ಸಣ್ಣ ಪ್ಲಗ್) ಎರಡು ತುದಿಯ ವೈರಿನಿಂದ ಕರೆಂಟ್ ಕೊಟ್ಟರೆ ಸಾಕು. ಎಡ ರೆಕ್ಕೆಯ ಅಡಿಗೆ ಕೆಂಪು, ಬಲಕ್ಕೆ ಹಸಿರು. ಬೆಳಕೇನೋ ಜೋರಾಗಿದೆ. ಆದರೆ ತಿರುಗಿಸುವಾಗ ರೆಕ್ಕೆಯ ಮೇಲ್ಭಾಗ ನಮ್ಮ ಕಡೆ ಬಂತೋ, ವಿಮಾನವೇ ಮಾಯ! ಪಕ್ಕದಲ್ಲಿದ್ದ ಭಾವ "ಅದು ಬರ್ತಿದ್ಯಾ, ಹೋಗ್ತಿದ್ಯಾ?" ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಇನ್ನೊಂದು ತಾಪತ್ರಯ ನಮ್ಮ ಇಬ್ಬನಿ. ಎಂಟೂವರೆ ಹೊತ್ತಿಗೆ ರೆಕ್ಕೆ ಒದ್ದೆಯಾಗಿ, ಸ್ಟ್ರಿಪ್‌ನ ಅಂಟು ಬಿಟ್ಟು ತುದಿ ಜೋತಾಡುತ್ತಿತ್ತು. ಮೇಲಿಂದ ಪಾರದರ್ಶಕ ಟೇಪ್ ಸುತ್ತಲೇಬೇಕು.

ಎರಡನೆಯದು ಡಬ್ಲ್ಯೂಎಸ್2812ಬಿ, ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡಬಹುದಾದ 5 ವೋಲ್ಟ್ ಸ್ಟ್ರಿಪ್. ನೋಡೋಕೆ ಇದರಷ್ಟು ಚಂದ ಯಾವುದೂ ಇಲ್ಲ, ಮಕ್ಕಳು ಗದ್ದೆ ಬಿಟ್ಟು ಏಳಲಿಲ್ಲ. ಆದರೆ ಪೂರ್ತಿ ಬಿಳಿ ಉರಿಸಿದರೆ ಒಂದು ಎಲ್‌ಇಡಿಗೆ ಸುಮಾರು 60 ಮಿಲಿಆಂಪ್, ನಾನು ಹಾಕಿದ್ದು 40, ಅಂದರೆ 2.4 ಆಂಪ್, ಅದನ್ನು ಸರ್ವೋಗಳಿಗೆ (ರೆಕ್ಕೆ, ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟರ್‌ಗಳು) ಕರೆಂಟ್ ಕೊಡುವ ಇಎಸ್‌ಸಿಯಿಂದಲೇ (ಮುಖ್ಯ ಮೋಟರ್‌ನ ವೇಗ ನಿಯಂತ್ರಕ) ತೆಗೆದುಕೊಂಡದ್ದು ನನ್ನ ತಪ್ಪು. ಎರಡನೇ ಸುತ್ತಿನಲ್ಲೇ ಸರ್ವೋಗಳು ನಡುಗಿದವು. ಥ್ರಾಟಲ್ ಇಳಿಸಿ ಹಾಗೇ ನೇರ ಕೂರಿಸಿದೆ, ಎದೆ ಡವಡವ. ಆಮೇಲೆ ಲೈಟ್‌ಗೇ ಅಂತ 3 ಆಂಪ್‌ನ ಯುಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಪುಟ್ಟ ಸರ್ಕ್ಯೂಟ್) ಹಾಕಿದೆ, ಸರಿಹೋಯಿತು. ಆದರೂ ಬಣ್ಣ ಓಡಾಡುವಾಗ ರೆಕ್ಕೆ ಯಾವ ಕಡೆ ವಾಲಿದೆ ಅಂತ ಕಣ್ಣಿಗೆ ಹಿಡಿಯುವುದಿಲ್ಲ. ಒಂದು ಬೆಸುಗೆ ಬಿಟ್ಟರೆ ಅದರಿಂದ ಮುಂದಿನವೆಲ್ಲ ಕೆಡುತ್ತವೆ, ಸಿಗ್ನಲ್ ಒಂದರಿಂದ ಇನ್ನೊಂದಕ್ಕೆ ಹೋಗುವುದು ತಾನೇ.

ಮೂರನೆಯದು ಹಬ್ಬಕ್ಕೆ ತಂದಿದ್ದ ತೆಳು ತಾಮ್ರದ ತಂತಿಯ ದೀಪದ ಮಾಲೆ, ಮೂರು ಪೆನ್ಸಿಲ್ ಸೆಲ್‌ದು. ರೆಕ್ಕೆಯ ಎರಡು ಪದರ ಅಂಟಿಸುವ ಮೊದಲು ಒಳಗೇ ಹಾವಿನ ಹಾಗೆ ಹರಡಿದೆ. ತಂತಿಗೆ ಕಾಣದ ಲೇಪ ಇರುತ್ತದೆ, ಬ್ಲೇಡಿನಿಂದ ಕೆರೆದು ಹೊಳಪು ಬಂದ ಮೇಲಷ್ಟೇ ಬೆಸುಗೆ ಕೂರುತ್ತದೆ. ಒಂದು ಸೆಲ್‌ನ ಪುಟ್ಟ ಲಿಪೋ ಸಾಕು. ಹೊತ್ತಿಸಿದರೆ ಇಡೀ ರೆಕ್ಕೆ ಆಕಾಶಬುಟ್ಟಿ ಥರ ಬೆಳಗಿತು. ಮೇಲಿಂದ, ಕೆಳಗಿಂದ, ಎಲ್ಲಿಂದ ನೋಡಿದರೂ ರೆಕ್ಕೆಯ ಆಕಾರವೇ ಕಾಣುತ್ತದೆ, ವಾಲಿದ್ದು ತಕ್ಷಣ ಗೊತ್ತಾಗುತ್ತದೆ. ನಮಗೆ ಬೇಕಿದ್ದು ಅದೇ ಅಲ್ವಾ? ಅಂಟಿನ ಚಿಂತೆ ಇಲ್ಲ, ಭಾರವೂ ಗೊತ್ತಾಗುವುದಿಲ್ಲ. ಮುಸ್ಸಂಜೆಯಲ್ಲಿ ಮಾತ್ರ ಏನೂ ಕಾಣದು, ತುಂಬಾ ದೂರ ಹೋದರೂ ಮಂಕು.

ಈಗ ಮಾಲೆಯನ್ನೇ ಉಳಿಸಿಕೊಂಡಿದ್ದೇನೆ. ಎಡಬಲ ತಿಳಿಯಲಿ ಅಂತ ರೆಕ್ಕೆಯ ತುದಿಗೆ ಮೂರು ಮೂರು ಎಲ್‌ಇಡಿಯ ಕೆಂಪು, ಹಸಿರು ತುಂಡು ಸೇರಿಸಿದೆ. ಬಾಲ ಇನ್ನೂ ಕತ್ತಲೆಯಲ್ಲೇ ಇದೆ, ಬರುವ ಭಾನುವಾರ ಅದನ್ನೂ ಬಿಚ್ಚಿ ಒಳಗೆ ಒಂದು ಮಾಲೆ ಹಾಕಬೇಕು.