ಬಾರ್ ತುದಿಗೆ ಚಾಂಫರ್: ಗ್ರೈಂಡರ್, ಹಳೇ ಲೇತ್, ಚಾಂಫರಿಂಗ್ ಮಷೀನ್

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಸ್ಲೈಡಿಂಗ್ ಹೆಡ್ ಮಷೀನಿಗೆ (ಬಾರನ್ನು ಹಿಡಿದ ತಲೆಯೇ ಹಿಂದೆ ಮುಂದೆ ಜಾರುವ ಲೇತ್) 3 ಮೀಟರ್ ಉದ್ದದ ಲೋಹದ ಬಾರ್‌ಗಳು ಮ್ಯಾಗಝೀನ್ ಫೀಡರಿನಿಂದ (ಜೋಡಿಸಿಟ್ಟ ಬಾರ್ ಒಂದೊಂದಾಗಿ ಒಳಗೆ ತಳ್ಳುವ ಸಾಧನ) ತಾವಾಗಿಯೇ ಹೋಗುತ್ತವೆ. ರಾತ್ರಿ ಯಾರೂ ಪಕ್ಕದಲ್ಲಿ ನಿಲ್ಲದೆ ಓಡಲಿ ಅಂತಲೇ ಫೀಡರ್ ಹಾಕಿಸಿದ್ದು. ಆದರೆ ಎಷ್ಟೋ ದಿನ ಬೆಳಿಗ್ಗೆ ಬಂದು ನೋಡಿದರೆ ಅಲಾರಂ ಬಂದು ಮಷೀನು ನಿಂತಿರುತ್ತಿತ್ತು. ಪ್ರೋಗ್ರಾಮ್ ಸರಿ, ಟೂಲ್ ಸರಿ. ಹೊಸ ಬಾರಿನ ಮೂತಿ ಮಾತ್ರ ಕಾಲೆಟ್ (ಬಾರನ್ನು ಸುತ್ತಲೂ ಬಿಗಿಹಿಡಿಯುವ ಹಿಡಿಕೆ) ಬಾಯಿಗೆ ತಗುಲಿ ಅಲ್ಲೇ ಕೂತಿದೆ. ಗರಗಸದಲ್ಲಿ ಕೊಯ್ದಾಗ ಉಳಿದ ಒಂದಿಷ್ಟು ಬರ್ (ಅಂಚಿನ ಮುಳ್ಳು) ಸಾಕು, ಇಡೀ ರಾತ್ರಿಯ ಉತ್ಪಾದನೆ ಹೋಯಿತು. ಅದಕ್ಕೇ ತುದಿಯ ಅಂಚನ್ನು ಸುತ್ತಲೂ ಇಳಿಜಾರು ಮಾಡಬೇಕು, ಚಾಂಫರ್ ಅಂದರೆ ಅದೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹ್ಯಾಂಡ್ ಗ್ರೈಂಡರ್. ಖರ್ಚಿಲ್ಲ, ಒಂದು ತುದಿಗೆ ಅರ್ಧ ನಿಮಿಷವೂ ಬೇಡ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೈಯಲ್ಲಿ ಉಜ್ಜಿದ ಇಳಿಜಾರು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಮೊನೆ ನಡುವಿನಿಂದ ಸರಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಸಾಣೆಕಲ್ಲಿನ ಪುಡಿ. ಬಾರಿಗೆ ಅಂಟಿಕೊಂಡು ಗೈಡ್ ಬುಷ್ (ಟೂಲಿನ ಪಕ್ಕದಲ್ಲೇ ಬಾರಿಗೆ ಆಸರೆ ಕೊಡುವ ಬಳೆ) ಒಳಗೆ ಹೋದರೆ ಬುಷ್ಷನ್ನೂ ಗೀರುತ್ತದೆ, ಬಾರಿನ ಮೈಯನ್ನೂ ಗೀರುತ್ತದೆ. ಗೈಡ್ ಬುಷ್ ಇರುವ ಮಷೀನಿಗೆ ಗ್ರೈಂಡರ್ ಬೇಡವೇ ಬೇಡ ಅನ್ನುತ್ತೇನೆ.

ಆಮೇಲೆ ಮೂಲೆಯಲ್ಲಿದ್ದ ಹಳೇ ಲೇತ್. ಇಲ್ಲಿ ಚಾಂಫರ್ ಬಾರಿನ ನಡುವಿಗೆ ಸರಿಯಾಗಿ ಬರುತ್ತದೆ, ಕಲ್ಲಿನ ಪುಡಿಯ ಕಾಟವಿಲ್ಲ. ಕಷ್ಟ ಇರುವುದು ಸ್ಪಿಂಡಲ್ (ಬಾರನ್ನು ತಿರುಗಿಸುವ ಟೊಳ್ಳು ಅಕ್ಷ) ಹಿಂದೆ ಜೋತಾಡುವ ಉದ್ದದಲ್ಲಿ. ವೇಗ ಸ್ವಲ್ಪ ಏರಿಸಿದರೂ 12 ಎಂಎಂ ಬಾರ್ ಬಾಗಿ ಚಾಟಿಯಂತೆ ಬೀಸುತ್ತದೆ. ಪಕ್ಕದಲ್ಲಿ ನಿಂತವರ ಕೈಕಾಲು ಮುರಿಯಬಹುದು. ಹಿಂದಕ್ಕೆ ಪೈಪ್ ಆಸರೆ ಕೊಟ್ಟು, ವೇಗ ಇಳಿಸಿಯೇ ಮಾಡಬೇಕು. ಎರಡೂ ತುದಿ ಮುಗಿಯಲು ನಮಗೆ ಐದು ನಿಮಿಷ ಹಿಡಿಯುತ್ತಿತ್ತು. ದಿನಕ್ಕೆ ಹತ್ತು ಬಾರ್ ಆದರೆ ಪರವಾಗಿಲ್ಲ.

ಈಗ ಇರುವುದು ಚಾಂಫರಿಂಗ್ ಮಷೀನ್. ಇದರಲ್ಲಿ ಬಾರ್ ಅಲ್ಲಾಡದೆ ಹಿಡಿತದಲ್ಲಿರುತ್ತದೆ, ತಿರುಗುವುದು ಕಟರ್ ಹೆಡ್. ಹಾಗಾಗಿ ಬೀಸುವ ಭಯವೇ ಇಲ್ಲ. ಒಮ್ಮೆ ಅಳತೆಗೆ ಕೂರಿಸಿದರೆ ನೂರನೇ ಬಾರಿನ ತುದಿಯೂ ಮೊದಲನೆಯದರಂತೆಯೇ ಬರುತ್ತದೆ. ದುಡ್ಡು ಬೇಕು, ನಿಜ. ರಾತ್ರಿ ಮಷೀನು ಓಡಿಸುವವರಿಗೆ ನನ್ನ ಸಲಹೆ ಇದೇ. ಹಿಂದಿನ ತುದಿಯನ್ನು ಮರೆಯಬೇಡಿ: ಬಾರನ್ನು ಹಿಂದಿನಿಂದ ತಳ್ಳುವ ಫೀಡರಿನ ಪುಷರ್ ಕಾಲೆಟ್ ಕಚ್ಚಿಕೊಳ್ಳುವುದು ಅದನ್ನೇ. ಅಲ್ಲಿ ಬರ್ ಇದ್ದರೆ ಹಿಡಿತ ಕೂರುವುದಿಲ್ಲ, ಕೊನೆಯ ತುಂಡು ಹಿಂದಕ್ಕೂ ಬರುವುದಿಲ್ಲ.

ಯಾವುದರಲ್ಲಿ ಮಾಡಿದರೂ ನಾನು ಹತ್ತಿ ವೇಸ್ಟನ್ನು ತುದಿಯ ಸುತ್ತ ಒಮ್ಮೆ ಸವರಿ ನೋಡುತ್ತೇನೆ. ಒಂದು ಎಳೆ ಸಿಕ್ಕಿಕೊಂಡರೂ ಬರ್ ಉಳಿದಿದೆ ಅಂತ ಅರ್ಥ.

ಇನ್ನು ಬಾರಿನ ದಪ್ಪ. ದಪ್ಪ ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆ ಇರಬಹುದು ಅಂತ ಹೇಳಲು ದರ್ಜೆಗಳಿವೆ: 12 ಎಂಎಂ ಬಾರಿನಲ್ಲಿ ಎಚ್11 ಅಂದರೆ 110 ಮೈಕ್ರಾನ್ (0.11 ಎಂಎಂ) ವ್ಯತ್ಯಾಸ, ಎಚ್7 ಅಂದರೆ 18 ಮಾತ್ರ. ವ್ಯತ್ಯಾಸ ಹೆಚ್ಚಿರುವ, ಡ್ರಾ ಮಾಡಿದ (ಅಚ್ಚಿನ ಮೂಲಕ ಎಳೆದ) ಅಗ್ಗದ ಬಾರಿನ ಮೊನೆ ಎಷ್ಟೇ ಚೆನ್ನಾಗಿದ್ದರೂ ಗೈಡ್ ಬುಷ್ಷಿನಲ್ಲಿ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ವ್ಯತ್ಯಾಸ ಕಡಿಮೆ ಇರುವ ಗ್ರೌಂಡ್ (ಸಾಣೆ ಹಿಡಿದ) ಬಾರ್ ತರಿಸಿದ ಮೇಲೆಯೇ ನಮಗೆ ಅಳತೆ ಏರುಪೇರಾಗದೆ ನಿಂತಿದ್ದು. ಬಾಗಿದ ಬಾರಿಗಂತೂ ಮೂರರಲ್ಲಿ ಯಾವುದೂ ಮದ್ದಲ್ಲ. ಚಾಂಫರ್ ಹಾಕುವ ಮೊದಲೇ ಸಮತಟ್ಟಾದ ಟೇಬಲ್ ಮೇಲೆ ಉರುಳಿಸಿ, ಕುಣಿದದ್ದನ್ನು ಬದಿಗಿಡಿ.